‘ಯಾಕೆ?’ ಎನ್ನುವ ಮಗುವನ್ನು ಸುಮ್ಮನಾಗಿಸಬೇಡಿ

ಮೂರು ವರ್ಷದ ಮಗುವಿರುವ ಮನೆಯಲ್ಲಿ ದಿನಕ್ಕೆ ಎಷ್ಟು ಬಾರಿ ‘ಯಾಕೆ’ ಎಂಬ ಪ್ರಶ್ನೆ ಕೇಳಿಬರುತ್ತದೆ ಎಂದು ಯಾರೂ ಎಣಿಸಿಡುವುದಿಲ್ಲ. ಕೋಳಿ ಯಾಕೆ ಕೂಗುತ್ತೆ? ಅಜ್ಜಿಗೆ ಯಾಕೆ ಹಲ್ಲಿಲ್ಲ? ಮಳೆ ಯಾಕೆ ಬರಲಿಲ್ಲ? ಮೊದಲ ನಾಲ್ಕು ಪ್ರಶ್ನೆಗಳಿಗೆ ನಗುತ್ತಲೇ ಉತ್ತರ ಕೊಡುವ ತಾಯಿ ಐದನೆಯದಕ್ಕೆ ‘ಸುಮ್ನೆ ಕೂತ್ಕೊ’ ಎನ್ನುತ್ತಾಳೆ. ಅಪ್ಪನಾದರೆ ಮೊಬೈಲ್ ಫೋನನ್ನೇ ಮಗುವಿನ ಕೈಗೆ ಕೊಟ್ಟುಬಿಡುತ್ತಾನೆ. ಮಗು ಸುಮ್ಮನಾಗುತ್ತದೆ, ಮನೆ ಶಾಂತವಾಗುತ್ತದೆ. ಆದರೆ ಬೆಳೆಯುತ್ತಿರುವ ಮಿದುಳಿಗೆ ಆ ಹೊತ್ತಿನಲ್ಲಿ ಸಿಗಬೇಕಾಗಿದ್ದ ಆಹಾರ ತಪ್ಪಿಹೋಗಿರುತ್ತದೆ.

ಮಾತು ಮತ್ತು ಆಟಗಳನ್ನು ಮಿದುಳಿನ ಆಹಾರ ಎನ್ನಲು ಬಲವಾದ ಆಧಾರವಿದೆ. ಜಮೈಕಾ ದೇಶದ ಕಿಂಗ್‌ಸ್ಟನ್ ನಗರದ ಬಡ ಬಡಾವಣೆಗಳಲ್ಲಿ 1986-87ರಲ್ಲಿ ಒಂದು ಅಧ್ಯಯನ ಆರಂಭವಾಯಿತು. ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆಯದಿದ್ದ, 9ರಿಂದ 24 ತಿಂಗಳ 129 ಮಕ್ಕಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ಪೌಷ್ಟಿಕ ಆಹಾರ ಮಾತ್ರ, ಇನ್ನೊಂದಕ್ಕೆ ಆಟ ಮತ್ತು ಮಾತು ಮಾತ್ರ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಎರಡೂ ಇಲ್ಲ. ಆಟ-ಮಾತಿನ ಗುಂಪಿನವರ ಮನೆಗೆ ಆರೋಗ್ಯ ಕಾರ್ಯಕರ್ತೆಯೊಬ್ಬಳು ವಾರಕ್ಕೊಮ್ಮೆ ಬಂದು, ಒಂದು ಗಂಟೆ ಕುಳಿತು, ಬಿಸಾಡಿದ ಡಬ್ಬ-ಮುಚ್ಚಳಗಳಿಂದ ಮಾಡಿದ ಆಟಿಕೆಗಳನ್ನಿಟ್ಟುಕೊಂಡು ಮಗುವಿನೊಡನೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಾಯಿಗೆ ತೋರಿಸಿಕೊಡುತ್ತಿದ್ದಳು. ಇದು ನಡೆದದ್ದು ಎರಡೇ ವರ್ಷ. ಆ ಮಕ್ಕಳು 22 ವರ್ಷದವರಾದಾಗ ಹುಡುಕಿ ನೋಡಿದರೆ, ಆಟ-ಮಾತು ಸಿಕ್ಕವರ ಗಳಿಕೆ ಸಿಗದವರಿಗಿಂತ ಸುಮಾರು ಶೇಕಡ 25ರಷ್ಟು ಹೆಚ್ಚಾಗಿತ್ತು. ಆಹಾರವನ್ನು ಮಾತ್ರ ಪಡೆದವರಲ್ಲಿ ಅಂಥ ವ್ಯತ್ಯಾಸ ಉಳಿದಿರಲಿಲ್ಲ. ಈ ಫಲಿತಾಂಶ ಪ್ರಕಟವಾದದ್ದು 2014ರಲ್ಲಿ.

ಹಾಗೆಂದು ಹಾಲು, ಮೊಟ್ಟೆ ಬೇಡವೆಂದು ಯಾರೂ ತಿಳಿಯಬಾರದು. ಹಸಿದ ಮಗು ಆಡುವುದೂ ಇಲ್ಲ, ಕಲಿಯುವುದೂ ಇಲ್ಲ. ಆದರೆ ಹೊಟ್ಟೆ ತುಂಬಿಸಿ ಮೂಲೆಯಲ್ಲಿ ಕೂರಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. 1975ರ ಅಕ್ಟೋಬರ್ 2ರಂದು ಆರಂಭವಾದ, ಕರ್ನಾಟಕದಲ್ಲಿ ಮೊದಲಿಗೆ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಕಾಲಿಟ್ಟ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಆರು ಸೇವೆಗಳಲ್ಲಿ ಪೂರಕ ಆಹಾರದ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಸೇರಿದೆ. ಊರಿನವರ ಬಾಯಲ್ಲಿ ಮಾತ್ರ ಅಂಗನವಾಡಿ ಎಂದರೆ ಇಂದಿಗೂ ಮೊಟ್ಟೆ, ಬೇಳೆ, ಹಿಟ್ಟು ಕೊಡುವ ಜಾಗ!

ಬಿಳಿಚೋಡಿನ ಪಡಸಾಲೆಯಲ್ಲಿ ಏನಿಲ್ಲ?

ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಬಿಳಿಚೋಡು ಹೋಬಳಿ ಮಳೆಯನ್ನೇ ನಂಬಿದ ಸೀಮೆ. 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಈ ತಾಲ್ಲೂಕಿಗೆ ಜಿಲ್ಲೆ ಬದಲಾದರೂ ಬರದ ಹಣೆಪಟ್ಟಿ ಬದಲಾಗಲಿಲ್ಲ. ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ರಾಗಿ ಬೆಳೆಯುವ ಇಂಥ ಊರುಗಳಲ್ಲಿ ತಾಯಿ ಬೆಳಿಗ್ಗೆಯೇ ಹೊಲಕ್ಕೆ ಹೊರಟರೆ ಮಗು ಅಜ್ಜಿಯ ಬಳಿಯೋ ಅಂಗನವಾಡಿಯಲ್ಲೋ ಉಳಿಯುತ್ತದೆ. ಬುದ್ಧಿ ಬೆಳೆಸುವ ಆಟಿಕೆ, ಬಣ್ಣದ ಕಾರ್ಡು, ಇಂಗ್ಲಿಷ್ ನರ್ಸರಿ ಇವೆಲ್ಲ ದಾವಣಗೆರೆ ಪೇಟೆಯವರಿಗೆ ಸರಿ, ನಮ್ಮ ಮಕ್ಕಳು ಹೇಗೋ ಬೆಳೆಯುತ್ತವೆ ಎಂಬ ಮಾತು ಹಳ್ಳಿಗಳಲ್ಲಿ ಸಾಮಾನ್ಯ. ಇದೊಂದು ತಪ್ಪು ಕಲ್ಪನೆ. ಪೇಟೆಯ ಆಟಿಕೆ ಕೊಡುವುದಕ್ಕಿಂತ ಹೆಚ್ಚಿನದು ಪಡಸಾಲೆಯಲ್ಲೇ ಇದೆ.

ಶೇಂಗಾ ಬಿಡಿಸುವ ಕೆಲಸವನ್ನೇ ತೆಗೆದುಕೊಳ್ಳಿ. ಅಜ್ಜಿ ಮೊರ ಮುಂದಿಟ್ಟುಕೊಂಡು ಕುಳಿತಿದ್ದಾಳೆ, ನಾಲ್ಕು ವರ್ಷದ ಮೊಮ್ಮಗಳು ಪಕ್ಕದಲ್ಲಿದ್ದಾಳೆ. ಅಜ್ಜಿ ಒಂದು ಕಾಯಿ ಕೈಗೆತ್ತಿಕೊಂಡು, ‘ಇದರೊಳಗೆ ಎಷ್ಟು ಬೀಜ ಐತೆ ಹೇಳು ನೋಡಾಣ’ ಎಂದು ಕೇಳಲಿ. ಮಗು ಬಾಯಿಗೆ ಬಂದದ್ದನ್ನು ಹೇಳುತ್ತದೆ. ‘ನಿಂಗೆ ಹ್ಯಾಗೆ ಗೊತ್ತಾಯ್ತು?’ ಎಂದು ಕೇಳಿ, ಕಾಯಿ ಒಡೆದು ತೋರಿಸಲಿ. ಹತ್ತು ಕಾಯಿ ಆಗುವಷ್ಟರಲ್ಲಿ ಮಗು ಹೊರಗಿನ ಉಬ್ಬುಗಳನ್ನು ಎಣಿಸಲು ಶುರುಮಾಡುತ್ತದೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತದೆ. ನೋಡುವುದು, ಊಹಿಸುವುದು, ಕಾರಣ ಹೇಳುವುದು, ಒಡೆದು ಪರೀಕ್ಷಿಸುವುದು, ತಪ್ಪಾದರೆ ಊಹೆ ಬದಲಿಸುವುದು. ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಮಾಡುವುದೂ ಇಷ್ಟನ್ನೇ. ಅದರ ಜೊತೆಯಲ್ಲೇ ಸಿಪ್ಪೆ, ಕಾಳು, ಜೊಳ್ಳು, ಗಟ್ಟಿ, ಎಳೆಯದು, ಬಲಿತದ್ದು ಎಂಬ ಅರ್ಧ ಡಜನ್ ಪದಗಳು ಕೈಯಲ್ಲಿ ಹಿಡಿದ ವಸ್ತುವಿನ ಸಮೇತ ಮಗುವಿನ ಮನಸ್ಸಿಗೆ ಇಳಿಯುತ್ತವೆ.

ಇಲ್ಲೊಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಬೀಜವನ್ನು ತಿನ್ನಲು ಕೊಡಬಾರದು. ನಗುವಾಗಲೋ ಓಡುವಾಗಲೋ ಅದು ಶ್ವಾಸನಾಳಕ್ಕೆ ಜಾರಿದರೆ ಪ್ರಾಣಕ್ಕೇ ಸಂಚಕಾರ. ಹುಣಿಸೆ ಬೀಜವನ್ನು ಮೂಗಿಗೋ ಕಿವಿಗೋ ತುರುಕಿಕೊಳ್ಳುವ ಮಕ್ಕಳೂ ಇದ್ದಾರೆ. ಆದ್ದರಿಂದ ಕಾಳಿನ ಆಟವೆಲ್ಲ ದೊಡ್ಡವರ ಕಣ್ಣೆದುರಿಗೇ ನಡೆಯಲಿ. ಹೆಣ್ಣು ಮಗು, ಗಂಡು ಮಗು ಇಬ್ಬರನ್ನೂ ಕೂರಿಸಿಕೊಳ್ಳಿ. ಮೊರದ ಮುಂದೆ ಹುಡುಗಿಯನ್ನಷ್ಟೇ ಕೂರಿಸುವ ರೂಢಿ ಹುಡುಗನಿಗೇ ನಷ್ಟ.

ಆಜ್ಞೆ ಬೇರೆ, ಮಾತುಕತೆ ಬೇರೆ

‘ನಾವು ಮಗುವಿನ ಹತ್ತಿರ ದಿನವಿಡೀ ಮಾತಾಡುತ್ತಲೇ ಇರುತ್ತೇವಲ್ಲ’ ಎಂದು ಕೆಲವರು ಹೇಳಬಹುದು. ಏನು ಮಾತಾಡುತ್ತೀರಿ ಎಂಬುದನ್ನು ಒಂದು ದಿನ ಗಮನಿಸಿ. ಬಾ, ಹೋಗು, ತಿನ್ನು, ಮುಟ್ಟಬೇಡ, ಬೀಳ್ತೀಯ, ಸುಮ್ನಿರು. ಇವೆಲ್ಲ ಆಜ್ಞೆಗಳು. ಆಜ್ಞೆಗೆ ಉತ್ತರ ಬೇಕಿಲ್ಲ, ಆದ್ದರಿಂದ ಮಗು ಬಾಯಿ ತೆರೆಯುವ ಪ್ರಸಂಗವೇ ಬರುವುದಿಲ್ಲ.

ಮಗುವಿನ ಕಿವಿಗೆ ಎಷ್ಟು ಪದಗಳು ಬೀಳುತ್ತವೆ ಎಂಬುದರ ಮೇಲೆ ಹಿಂದೆ ತಜ್ಞರು ಹೆಚ್ಚಿನ ಗಮನ ಕೊಟ್ಟಿದ್ದರು. ಅಮೆರಿಕದ ಕಾನ್ಸಾಸ್‌ನಲ್ಲಿ 42 ಕುಟುಂಬಗಳನ್ನು ಗಮನಿಸಿದ ಇಬ್ಬರು ಸಂಶೋಧಕರು 1995ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಮೂರು ವರ್ಷ ತುಂಬುವುದರೊಳಗೆ ಅನುಕೂಲಸ್ಥರ ಮನೆಯ ಮಗು ಬಡವರ ಮನೆಯ ಮಗುವಿಗಿಂತ ಸುಮಾರು 3 ಕೋಟಿ ಪದಗಳನ್ನು ಹೆಚ್ಚಾಗಿ ಕೇಳಿರುತ್ತದೆ ಎಂದು ಅಂದಾಜು ಮಾಡಿದ್ದರು. ಆ ಲೆಕ್ಕಕ್ಕೆ ಮುಂದೆ ಆಕ್ಷೇಪಣೆಗಳು ಬಂದವು. ಅಜ್ಜಿ, ಅಕ್ಕ, ನೆರೆಮನೆಯವರು ಸುತ್ತ ಕುಳಿತು ಆಡುವ ಮಾತನ್ನು ಅದರಲ್ಲಿ ಪೂರ್ತಿ ಎಣಿಸಿರಲಿಲ್ಲ. ನಮ್ಮ ಹಳ್ಳಿಯ ಕಟ್ಟೆಗಳನ್ನು ಬಲ್ಲವರಿಗೆ ಈ ಆಕ್ಷೇಪಣೆಯ ತೂಕ ತಿಳಿಯುತ್ತದೆ. 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಈ ವಿಷಯಕ್ಕೆ ಹೊಸ ತಿರುವು ಕೊಟ್ಟಿತು. 4ರಿಂದ 6 ವರ್ಷದ 36 ಮಕ್ಕಳ ಮನೆಯ ಮಾತನ್ನು ಧ್ವನಿಮುದ್ರಿಸಿಕೊಂಡು, ಅವರು ಕಥೆ ಕೇಳುವಾಗ ಮಿದುಳಿನ ಸ್ಕ್ಯಾನ್ ಮಾಡಲಾಯಿತು. ದೊಡ್ಡವರು ಎಷ್ಟು ಪದ ಆಡಿದರು ಎಂಬುದಕ್ಕಿಂತ, ಮಾತು ಎಷ್ಟು ಬಾರಿ ದೊಡ್ಡವರಿಂದ ಮಗುವಿಗೆ, ಮಗುವಿನಿಂದ ದೊಡ್ಡವರಿಗೆ ಸರದಿಯಂತೆ ಹೋಗಿ ಬಂತು ಎಂಬುದಕ್ಕೂ ಮಿದುಳಿನ ಭಾಷಾಕೇಂದ್ರದ ಚಟುವಟಿಕೆಗೂ ಹೆಚ್ಚಿನ ಸಂಬಂಧ ಕಂಡುಬಂತು. ಮನೆಯ ವರಮಾನದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಇದು ಹಾಗೆಯೇ ಉಳಿಯಿತು.

ಹಾಗಾದರೆ ಮಾಡಬೇಕಾದದ್ದು ಇಷ್ಟೆ. ಕೇಳಿ, ಕಾಯಿರಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ಸಣ್ಣ ಮಕ್ಕಳಿಗೆ ಪದ ಹುಡುಕಲು ಅಷ್ಟು ಸಮಯ ಬೇಕು. ನಾವೋ ಎರಡು ಎಣಿಸುವುದರೊಳಗೆ ಉತ್ತರವನ್ನೂ ನಾವೇ ಹೇಳಿ ಮುಗಿಸುತ್ತೇವೆ. ಮಗು ‘ಎಮ್ಮೆ’ ಎಂದರೆ ‘ಹೌದು, ಕರಿ ಎಮ್ಮೆ ನೀರು ಕುಡೀತಾ ಐತೆ, ಆಮೇಲೆ ಎಲ್ಲಿಗೆ ಹೋಗುತ್ತೆ?’ ಎಂದು ಆ ಒಂದು ಪದವನ್ನೇ ಹಿಗ್ಗಿಸಿ ಮಾತನ್ನು ಮತ್ತೆ ಮಗುವಿಗೇ ಒಪ್ಪಿಸಿ. ‘ಊಟ ಆಯ್ತಾ?’ ಎಂಬುದಕ್ಕೆ ಹೂಂ ಅಥವಾ ಊಹೂಂ ಸಾಕು. ‘ಅಂಗನವಾಡೀಲಿ ಯಾರ ಪಕ್ಕ ಕೂತು ಉಂಡೆ?’ ಎಂದರೆ ಒಂದು ವಾಕ್ಯವೇ ಬೇಕಾಗುತ್ತದೆ.

ಉಡು, ತೊಡು, ಮುಡಿ

ಪದಸಂಪತ್ತು ಎಂದೊಡನೆ ಹಣ್ಣು, ಪ್ರಾಣಿ, ಬಣ್ಣಗಳ ಹೆಸರು ಹೇಳಿಸುವುದು ರೂಢಿ. ಮನೆಗೆ ಬಂದವರ ಮುಂದೆ ಮಗುವನ್ನು ನಿಲ್ಲಿಸಿ ‘ಆ್ಯಪಲ್, ಬನಾನಾ’ ಹೇಳಿಸುವ ಸಂಭ್ರಮ ಎಲ್ಲ ಕಡೆಯೂ ಇದೆ. ಹೆಸರುಗಳು ಬೇಕು ನಿಜ, ಆದರೆ ಯೋಚನೆಯನ್ನು ಹೊತ್ತು ಸಾಗಿಸುವುದು ಕ್ರಿಯಾಪದಗಳು. ಕನ್ನಡ ಈ ವಿಷಯದಲ್ಲಿ ಬಹಳ ಶ್ರೀಮಂತ ಭಾಷೆ. ಸೀರೆ ಉಡುತ್ತೇವೆ, ಅಂಗಿ ತೊಡುತ್ತೇವೆ, ಹೂ ಮುಡಿಯುತ್ತೇವೆ, ರುಮಾಲು ಸುತ್ತುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ. ತರಕಾರಿ ಹೆಚ್ಚುತ್ತೇವೆ, ಪೈರು ಕೊಯ್ಯುತ್ತೇವೆ, ಮರ ಕಡಿಯುತ್ತೇವೆ, ಸೌದೆ ಸೀಳುತ್ತೇವೆ, ಕಡ್ಡಿ ಮುರಿಯುತ್ತೇವೆ. ಮೈಮೇಲೆ ಎಲ್ಲಿ, ಯಾವ ಬಗೆಯಲ್ಲಿ, ಯಾವ ಆಯುಧದಿಂದ ಎಂಬ ವಿಂಗಡಣೆ ಪ್ರತಿ ಪದದೊಳಗೂ ಅಡಗಿದೆ. ಇವನ್ನು ಸರಿಯಾಗಿ ಬಳಸಲು ಕಲಿತ ಮಗು ವರ್ಗೀಕರಣವನ್ನೇ ಕಲಿತಿರುತ್ತದೆ. ಈಗ ನಾವೇ ಎಲ್ಲಕ್ಕೂ ‘ಹಾಕು’, ಎಲ್ಲಕ್ಕೂ ‘ಕಟ್ ಮಾಡು’ ಎನ್ನುತ್ತಿದ್ದೇವೆ. ಮಗು ಎಲ್ಲಿಂದ ಕಲಿಯಬೇಕು?

ಸಂಬಂಧವಾಚಕಗಳ ಕಥೆಯೂ ಹೀಗೆಯೇ. ಅಂಕಲ್ ಎಂಬ ಒಂದೇ ಪದ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ ಮೂವರನ್ನೂ ನುಂಗಿಹಾಕಿದೆ. ‘ಅಮ್ಮನ ಅಣ್ಣ ನಿನಗೇನಾಗಬೇಕು? ಅವನಿಗೆ ನಿಮ್ಮಮ್ಮ ಏನಾಗಬೇಕು?’ ಎಂಬ ಪ್ರಶ್ನೆ ಐದಾರು ವರ್ಷದ ಮಗುವಿಗೆ ಒಳ್ಳೆಯ ತರ್ಕದ ಲೆಕ್ಕ. ಸ್ವಿಟ್ಜರ್‌ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ (1896-1980) ಇಂಥದೇ ಪ್ರಶ್ನೆಗಳಿಂದ ಮಕ್ಕಳ ಯೋಚನಾಕ್ರಮವನ್ನು ಅಧ್ಯಯನ ಮಾಡಿದರು. ‘ನಿನಗೆ ಅಣ್ಣ ಇದ್ದಾನಾ?’ ಎಂದರೆ ನಾಲ್ಕು ವರ್ಷದ ಹುಡುಗ ‘ಇದ್ದಾನೆ’ ಎನ್ನುತ್ತಾನೆ. ‘ನಿನ್ನ ಅಣ್ಣನಿಗೆ ತಮ್ಮ ಇದ್ದಾನಾ?’ ಎಂದರೆ ‘ಇಲ್ಲ’ ಎನ್ನುತ್ತಾನೆ!

‘ಬಂದರೆ’ ಮತ್ತು ‘ಬಂದರೂ’

ತರ್ಕಶಕ್ತಿ ಎಂದರೆ ಗಣಿತವೆಂದೇ ಬಹಳ ಜನ ತಿಳಿದಿದ್ದಾರೆ. ಆದರೆ ಮಗುವಿನ ಮೊದಲ ತರ್ಕ ಇರುವುದು ಮಾತಿನಲ್ಲಿ. ‘ಮಳೆ ಬಂದರೆ ಬಿತ್ತುತ್ತೇವೆ.’ ‘ಮಳೆ ಬಂದರೂ ಬಿತ್ತಲಿಲ್ಲ.’ ಈ ಎರಡು ವಾಕ್ಯಗಳನ್ನು ಗಮನಿಸಿ. ಕೊನೆಯ ಸ್ವರ ಬದಲಾದದ್ದರಿಂದ ಯೋಚನೆಯ ದಿಕ್ಕೇ ಬದಲಾಗಿದೆ. ಮೊದಲನೆಯದು ಕಾರಣ ಮತ್ತು ಪರಿಣಾಮಗಳನ್ನು ಜೋಡಿಸುತ್ತದೆ. ಎರಡನೆಯದು ನಾವು ನಿರೀಕ್ಷಿಸಿದ್ದು ನಡೆಯಲಿಲ್ಲ ಎನ್ನುತ್ತದೆ, ಆದ್ದರಿಂದ ಅದನ್ನು ಕೇಳಿದ ಮಗು ‘ಯಾಕೆ?’ ಎನ್ನದೆ ಇರಲಾರದು. ಬೀಜ ಇನ್ನೂ ಬಂದಿಲ್ಲ, ಎತ್ತಿಗೆ ಕಾಲುನೋವು, ಮಳೆ ಸಾಲದು, ಯಾವುದೋ ಒಂದು ಕಾರಣವನ್ನು ಅದು ಕೇಳಿ ತಿಳಿಯುತ್ತದೆ ಅಥವಾ ತಾನೇ ಊಹಿಸುತ್ತದೆ.

ಮೂರರಿಂದ ಐದಾರು ವರ್ಷದ ನಡುವೆ ಇಂಥ ಮಾತುಗಳು ಒಂದೊಂದಾಗಿ ಮಗುವಿಗೆ ಕೈಗೂಡುತ್ತವೆ. ಇದಕ್ಕೆ ಒಂದು ಸುಲಭವಾದ ಆಟವಿದೆ. ನೀವು ಅರ್ಧ ವಾಕ್ಯ ಹೇಳಿ, ಉಳಿದರ್ಧವನ್ನು ಮಗು ಮುಗಿಸಲಿ. ‘ಹಾಲು ಉಕ್ಕಿದರೆ...’ ಎಂದರೆ ‘ಒಲೆ ಮೇಲೆ ಚೆಲ್ಲುತ್ತೆ’ ಎಂದೀತು. ‘ನಾಯಿ ಬೊಗಳಿದರೂ...’ ಎಂದಾಗ ಅದಕ್ಕೆ ಸ್ವಲ್ಪ ಯೋಚಿಸಬೇಕಾಗುತ್ತದೆ. ‘ಕಳ್ಳ ಬಂದ’ ಎನ್ನಬಹುದು, ‘ನಂಗೆ ಹೆದರಿಕೆ ಇಲ್ಲ’ ಎನ್ನಬಹುದು. ಎರಡೂ ಸರಿ. ‘ಬರದಿದ್ದರೆ’, ‘ಬಂದಿದ್ದರೆ’, ‘ಬರೋವರೆಗೂ’ ಎಂಬ ಮಾತುಗಳನ್ನೂ ನಿಧಾನವಾಗಿ ಸೇರಿಸಿಕೊಳ್ಳಿ. ಬಸ್ಸಿಗೆ ಕಾಯುವಾಗ, ಮುದ್ದೆ ತಿರುವುವಾಗ, ಮಗುವಿನ ತಲೆ ಬಾಚುವಾಗ ಆಡಬಹುದಾದ ಆಟವಿದು. ಖರ್ಚೂ ಇಲ್ಲ, ಪ್ರತ್ಯೇಕ ಸಮಯವೂ ಬೇಡ.

ಒಗಟು ಕೂಡ ಇದೇ ಜಾತಿಯದು. ಹಳೆಯ ಒಗಟುಗಳು ನೆನಪಿಲ್ಲದಿದ್ದರೆ ನೀವೇ ಕಟ್ಟಿ. ‘ಮೈತುಂಬ ಹಲ್ಲು, ಕಚ್ಚೋದಿಲ್ಲ. ತಲೆತುಂಬ ಕೂದಲು, ಬಾಚೋದಿಲ್ಲ. ಹಸಿರು ಸೀರೆ ಉಟ್ಟಿದ್ದಾಳೆ, ಮದುವೆ ಹೆಣ್ಣಲ್ಲ.’ ಜಗಳೂರು ಸೀಮೆಯ ಮಗುವಿಗೆ ಮೆಕ್ಕೆಜೋಳದ ತೆನೆ ಎಂದು ಹೊಳೆಯಲು ಹೆಚ್ಚು ಹೊತ್ತು ಬೇಕಿಲ್ಲ. ಹಲ್ಲಿದೆ ಎಂದಾಗ ಮನಸ್ಸಿಗೆ ಬಂದ ನಾಯಿಯನ್ನು ಕಚ್ಚುವುದಿಲ್ಲ ಎಂದಾಗ ಬಿಟ್ಟುಕೊಡಬೇಕು. ಹೀಗೆ ಒಂದೊಂದೇ ಸಾಧ್ಯತೆಯನ್ನು ತಳ್ಳಿಹಾಕುತ್ತ ಹೋಗುವುದೇ ತರ್ಕ. ಇನ್ನು ಅಳಗುಳಿಮಣೆ. ಅಟ್ಟದ ಮೇಲಿರುವ, ಬದಿಗೆ 7ರಂತೆ 14 ಗುಳಿಗಳ ಆ ಮಣೆಯನ್ನು ಕೆಳಗಿಳಿಸಿ ಒರೆಸಿಡಿ. ಈ ಗುಳಿಯಿಂದ ಹಂಚಿದರೆ ಕೊನೆಯ ಕಾಳು ಎಲ್ಲಿ ಬೀಳುತ್ತದೆ ಎಂದು ಆರು ವರ್ಷದ ಮಗು ಮುಂದಾಲೋಚನೆ ಮಾಡುವುದನ್ನು ನೋಡುವುದೇ ಒಂದು ಸೊಗಸು.

ವಯಸ್ಸಿಗೆ ಮೀರಿದ್ದನ್ನು ಮಾತ್ರ ನಿರೀಕ್ಷಿಸಬೇಡಿ. ಐದು ಚೆಂಡುಹೂವು, ಎರಡು ಸೇವಂತಿಗೆ ಮುಂದಿಟ್ಟು ‘ಚೆಂಡುಹೂವು ಜಾಸ್ತಿಯೋ, ಹೂವು ಜಾಸ್ತಿಯೋ?’ ಎಂದು ಕೇಳಿದರೆ ಐದು ವರ್ಷದ ಮಗು ‘ಚೆಂಡುಹೂವು’ ಎಂದೇ ಹೇಳುತ್ತದೆ. ಚೊಂಬಿನ ನೀರನ್ನು ಅಗಲವಾದ ಬೋಗುಣಿಗೆ ಸುರಿದರೆ ನೀರು ಕಡಿಮೆಯಾಯಿತು ಎನ್ನುತ್ತದೆ. ಇದು ದಡ್ಡತನವಲ್ಲ. ಭಾಗ ಮತ್ತು ಪೂರ್ಣವನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿ ಸಾಮಾನ್ಯವಾಗಿ ಏಳು ವರ್ಷದ ಆಸುಪಾಸಿನಲ್ಲಿ ಬರುತ್ತದೆ. ನಕ್ಕು ಅವಮಾನ ಮಾಡಿದರೆ ಮಗು ಮುಂದೆ ಉತ್ತರ ಹೇಳುವುದನ್ನೇ ನಿಲ್ಲಿಸುತ್ತದೆ.

ಪೆನ್ಸಿಲ್, ಪರದೆ, ಪರಭಾಷೆ

ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಪುಟಗಟ್ಟಲೆ ಅಕ್ಷರ ತಿದ್ದಿಸುವ ಶಾಲೆ ಒಳ್ಳೆಯ ಶಾಲೆ ಎಂಬ ಭ್ರಮೆ ಹಳ್ಳಿಗೂ ಬಂದಿದೆ. ಆ ವಯಸ್ಸಿನ ಬೆರಳುಗಳು ಅದಕ್ಕೆ ಸಿದ್ಧವಿರುವುದಿಲ್ಲ. ಕಾಳು ಹೆಕ್ಕುವುದು, ಹಿಟ್ಟು ನಾದುವುದು, ಮಣಿ ಪೋಣಿಸುವುದೇ ಬೆರಳಿಗೆ ಮೊದಲ ಪಾಠ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 3ರಿಂದ 6 ವರ್ಷದವರಿಗಾಗಿ 2024ರಲ್ಲಿ ಹೊರತಂದ ‘ಆಧಾರಶಿಲಾ’ ಪಠ್ಯಕ್ರಮವೂ ಆಟಕ್ಕೇ ಮೊದಲ ಮಣೆ ಹಾಕಿದೆ.

ಮೊಬೈಲಿನ ಹಾಡು ನೋಡಿ ಮಗು ಇಂಗ್ಲಿಷ್ ಕಲಿಯಿತೆಂದು ಹಿಗ್ಗುವವರಿದ್ದಾರೆ. ಪರದೆ ಮಾತಾಡುತ್ತದೆಯೇ ಹೊರತು ಮಗುವಿನ ಉತ್ತರಕ್ಕೆ ಕಾಯುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡ, 2ರಿಂದ 5 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ಭಾರತೀಯ ಮಕ್ಕಳ ತಜ್ಞರ ಅಕಾಡೆಮಿ 2021ರಲ್ಲಿ ಸಲಹೆ ನೀಡಿದೆ. ದೂರದೂರಿಗೆ ದುಡಿಯಲು ಹೋದ ತಂದೆಯೊಡನೆ ವಿಡಿಯೋ ಕರೆಯಲ್ಲಿ ಮಾತಾಡುವುದು ಬೇರೆ ವಿಷಯ. ಅಲ್ಲಿ ಮಾತಿನ ಸರದಿ ಇದೆ.

ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು ಆಡುವವರು ‘ಎರಡು ಭಾಷೆಯಿಂದ ಮಗುವಿಗೆ ಗೊಂದಲವಾಗುತ್ತದೆ’ ಎಂದು ಮನೆಮಾತನ್ನು ಬಿಡುವುದು ತರವಲ್ಲ. ಎರಡು ಭಾಷೆ ಕಲಿಯುವುದರಿಂದ ಮಾತಿನ ದೋಷ ಬರುವುದಿಲ್ಲ. ಮಗುವಿಗೆ ಎಷ್ಟು ಪದ ಬರುತ್ತದೆ ಎಂದು ಎಣಿಸುವಾಗ ಎರಡೂ ಭಾಷೆಯ ಪದಗಳನ್ನು ಕೂಡಿಸಿ ಎಣಿಸಬೇಕು.

ಮಾತು ತಡವಾದರೆ

‘ಅವರಪ್ಪನೂ ತಡವಾಗೇ ಮಾತಾಡಿದ್ದು, ಬರುತ್ತೆ ಬಿಡಿ’ ಎಂಬ ಹಿರಿಯರ ಸಮಾಧಾನ ಕೆಲವೊಮ್ಮೆ ನಿಜವಾಗುತ್ತದೆ. ಕೆಲವೊಮ್ಮೆ ಅದೇ ಸಮಾಧಾನದಲ್ಲಿ ಎರಡು ಅಮೂಲ್ಯ ವರ್ಷಗಳು ಕಳೆದುಹೋಗುತ್ತವೆ. ಒಂದು ವರ್ಷದ ಆಸುಪಾಸಿನಲ್ಲಿ ಮೊದಲ ಪದ, ಎರಡು ವರ್ಷಕ್ಕೆ ಸುಮಾರು 50 ಪದ ಮತ್ತು ‘ಅಮ್ಮ ಬಾ’, ‘ಹಾಲು ಬೇಡ’ ಎಂಬಂಥ ಜೋಡಿಪದಗಳು, ಮೂರು ವರ್ಷಕ್ಕೆ ಹೊರಗಿನವರಿಗೂ ಬಹುಮಟ್ಟಿಗೆ ಅರ್ಥವಾಗುವ ಮಾತು, ಇದು ಸಾಮಾನ್ಯ ನಡಿಗೆ. ಒಂದೂವರೆ ವರ್ಷವಾದರೂ ಒಂದು ಪದವೂ ಇಲ್ಲ, ಹೆಸರು ಕರೆದರೆ ತಿರುಗುವುದಿಲ್ಲ, ಎರಡು ವರ್ಷವಾದರೂ ಪದಗಳನ್ನು ಜೋಡಿಸುವುದಿಲ್ಲ, ಬಂದ ಮಾತು ಮರೆಯಾಗುತ್ತಿದೆ, ಇವುಗಳಲ್ಲಿ ಯಾವುದು ಕಂಡರೂ ಕಾಯದೆ ವೈದ್ಯರನ್ನು ಕಾಣಬೇಕು.

ಮೊದಲು ಪರೀಕ್ಷಿಸಬೇಕಾದದ್ದು ಕಿವಿ. ಹುಟ್ಟುಕಿವುಡನ್ನು ಒಂದು ತಿಂಗಳೊಳಗಿನ ಸರಳ ತಪಾಸಣೆಯಿಂದಲೇ ಗುರುತಿಸಿ, ಮೂರು ತಿಂಗಳೊಳಗೆ ಖಚಿತಪಡಿಸಿಕೊಂಡು, ಆರು ತಿಂಗಳೊಳಗೆ ಚಿಕಿತ್ಸೆ ಆರಂಭಿಸುವುದು ಸರಿಯಾದ ಕ್ರಮ. ಪದೇಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ನಿಂತು ಅರ್ಧಂಬರ್ಧ ಕೇಳಿಸುತ್ತದೆ. ನೋವಿರುವುದಿಲ್ಲವಾದ್ದರಿಂದ ಯಾರಿಗೂ ತಿಳಿಯುವುದಿಲ್ಲ, ‘ಹೇಳಿದ ಮಾತು ಕೇಳಲ್ಲ’ ಎಂದು ಮಗು ಪೆಟ್ಟು ತಿನ್ನುತ್ತದೆ. ಸೋರುವ ಕಿವಿಗೆ ಎಣ್ಣೆ ಬಿಡುವುದು ಅಪಾಯಕರ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ, ಅಗತ್ಯವಿದ್ದರೆ ದಾವಣಗೆರೆಯ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಮಾತು ಮತ್ತು ಶ್ರವಣದ ತೊಂದರೆಗಳಿಗಾಗಿಯೇ ಇರುವ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1965ರಲ್ಲಿ ಸ್ಥಾಪನೆಯಾದದ್ದು.

ಎರಡನೆಯದು ರಕ್ತಹೀನತೆ. ಕಬ್ಬಿಣದ ಅಂಶ ಸಾಲದ ಮಗು ಮಂಕಾಗಿರುತ್ತದೆ, ಏನನ್ನೂ ಕೇಳುವ ಕುತೂಹಲ ತೋರುವುದಿಲ್ಲ. 6ರಿಂದ 59 ತಿಂಗಳ ಮಕ್ಕಳಿಗೆ ವಾರಕ್ಕೆ ಎರಡು ಬಾರಿ 1 ಮಿ.ಲೀ. ಕಬ್ಬಿಣಾಂಶದ ಸಿರಪ್ ಕೊಡುವ ಏರ್ಪಾಡು ಸರ್ಕಾರದ್ದೇ ಇದೆ. ಆಶಾ ಕಾರ್ಯಕರ್ತೆ ಕೊಟ್ಟ ಆ ಸೀಸೆಯನ್ನು ಮಾಡಿನಲ್ಲಿಟ್ಟು ಮರೆಯಬೇಡಿ. ಸೊಪ್ಪು, ಕಾಳಿನ ಊಟಕ್ಕೆ ನಿಂಬೆರಸ ಹಿಂಡಿ. ಸಣ್ಣ ಮಕ್ಕಳಿಗೆ ಚಹ ಕೊಡಬೇಡಿ, ಅದು ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡವೊಂದು ವರ್ಷಕ್ಕೆ ಎರಡು ಬಾರಿ ಪ್ರತಿ ಅಂಗನವಾಡಿಗೂ ಬಂದು ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡಬೇಕು. ನಿಮ್ಮೂರಿಗೆ ಎಂದು ಬರುತ್ತಾರೆಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿಟ್ಟುಕೊಳ್ಳಿ. ಬಿತ್ತನೆಯ ದಿನವೇ ಆದರೂ ಮನೆಯವರು ಒಬ್ಬರು ಮಗುವಿನ ಜೊತೆ ಹೋಗಲಿ. ಅಪರಿಚಿತರ ಮುಂದೆ ಐದು ನಿಮಿಷದಲ್ಲಿ ಮಗು ಬಾಯಿ ಬಿಡುವುದಿಲ್ಲ. ಆದ್ದರಿಂದ ಹಿಂದಿನ ವಾರ ಮಗು ತಾನಾಗಿ ಆಡಿದ ಪದಗಳನ್ನು, ತೊದಲಿದ್ದರೆ ತೊದಲಿದಂತೆಯೇ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಿ. ಬರೆಯಲು ಬಾರದ ಅಜ್ಜಿ ಹೇಳುತ್ತಾ ಹೋದರೆ ಶಾಲೆಗೆ ಹೋಗುವ ಅಕ್ಕನೋ ಅಣ್ಣನೋ ಬರೆದುಕೊಡಬಹುದು.